ಏರ್‌ಪೋರ್ಟ್ ಪಕ್ಕದಲ್ಲೇ ಇದೆ, ಅದರ ಲೆಕ್ಕದ ಕೆಲಸ ನಮ್ಮ ಮಕ್ಕಳಿಗೆ ಯಾಕೆ ದೂರ?

ಹೋದ ವರ್ಷ ಜೂನ್‌ನಲ್ಲಿ ಭಾವ ಒಂದು ಕರಪತ್ರ ಹಿಡ್ಕೊಂಡು ಮನೆಗೆ ಬಂದರು. ನೀಲಿ ಹಾಳೆ, ಮೇಲೊಂದು ವಿಮಾನ, ಕೆಳಗೆ ಕೋಟು ಹಾಕಿಕೊಂಡು ನಗುತ್ತಾ ನಿಂತ ಹುಡುಗಿ. ‘ಏರ್‌ಪೋರ್ಟ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ, 11 ತಿಂಗಳು, ಕೆಲಸ ಗ್ಯಾರಂಟಿ’ ಅಂತ ದಪ್ಪಕ್ಷರದಲ್ಲಿತ್ತು. ಫೀಸು 1 ಲಕ್ಷ 60 ಸಾವಿರ. ಅಕ್ಕನ ಮಗಳು ಆಗಷ್ಟೇ ಪಿಯುಸಿ ಮುಗಿಸಿದ್ದಳು. ಸೆಬಾ (ಸ್ಟ್ಯಾಟಿಸ್ಟಿಕ್ಸ್, ಎಕನಾಮಿಕ್ಸ್, ಬಿಸಿನೆಸ್, ಅಕೌಂಟೆನ್ಸಿ) ತಗೊಂಡಿದ್ದಳು, ಸ್ಟ್ಯಾಟಿಸ್ಟಿಕ್ಸ್‌ನಲ್ಲಿ 94 ಬಂದಿತ್ತು.

‘ನೋಡಪ್ಪಾ, ನೀನು ಅದೇ ಲೈನಲ್ಲಿ ಇದೀಯ. ಇದಕ್ಕೆ ದುಡ್ಡು ಕಟ್ಟೋದಾ, ಬೇಡವಾ? ಸೇವಂತಿಗೆ ಹೂವಿನ ದುಡ್ಡು ಬಂದಿದೆ, ಈಗ ಕಟ್ಟಿದ್ರೆ ಆಯ್ತು, ಆಮೇಲೆ ಕೈಯಲ್ಲಿ ಉಳಿಯಲ್ಲ’ ಅಂದರು ಭಾವ.

ಬೇಡ ಅಂದೆ. ಯಾಕೆ ಬೇಡ ಅಂತ ಹೇಳೋಕೆ ಒಂದು ಸಂಜೆ ಪೂರ್ತಿ ಬೇಕಾಯಿತು. ಆಮೇಲೆ ಇದೇ ಪ್ರಶ್ನೆ ಇನ್ನೂ ನಾಲ್ಕೈದು ಮನೆಗಳಿಂದ ಬಂತು. ಒಂದು ಮನೆಯವರು ದುಡ್ಡು ಕಟ್ಟಿಯೂ ಆಗಿತ್ತು. ಅವರ ಹುಡುಗನಿಗೆ ಕೋರ್ಸ್ ಮುಗಿದ ಮೇಲೆ ಸಿಕ್ಕಿದ್ದು ಲಗೇಜ್ ಟ್ರಾಲಿ ಜೋಡಿಸೋ ಕೆಲಸ. ಅದಕ್ಕೆ ಡಿಪ್ಲೊಮಾ ಬೇಕಾಗಿಯೇ ಇರಲಿಲ್ಲ. ಹಾಗಾಗಿ ಆ ಸಂಜೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಪರಿಸ್ಥಿತಿ ನೋಡೋಣ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ ಶುರುವಾಗಿದ್ದು 2008ರ ಮೇ 24ಕ್ಕೆ. ನಮ್ಮ ಚಿಕ್ಕಬಳ್ಳಾಪುರದಿಂದ ಹೈವೇಯಲ್ಲಿ ಮುಕ್ಕಾಲು ಗಂಟೆ ದಾರಿ, ಟ್ರಾಫಿಕ್ ಇಲ್ಲದಿದ್ದರೆ ಇನ್ನೂ ಬೇಗ. 2024–25ರ ಒಂದೇ ವರ್ಷದಲ್ಲಿ ಅಲ್ಲಿಂದ ಓಡಾಡಿದವರು ಸುಮಾರು 4 ಕೋಟಿ 19 ಲಕ್ಷ ಜನ. ನಮ್ಮ ಊರಿನಿಂದ ಅಲ್ಲಿಗೆ ಕೆಲಸಕ್ಕೆ ಹೋಗುವವರೂ ಕಡಿಮೆ ಇಲ್ಲ. ಬೆಳಗಿನ ಜಾವ 3 ಗಂಟೆಗೆ ಬಿಬಿ ರೋಡಿನಲ್ಲಿ ನಿಂತು ನೋಡಿ, ಕ್ಯಾಬ್‌ಗೆ ಕಾಯುತ್ತಾ ಜಾಕೆಟ್ ಹಾಕಿಕೊಂಡ ಹುಡುಗ ಹುಡುಗಿಯರು ಕಾಣುತ್ತಾರೆ. ಲೋಡಿಂಗ್, ಕ್ಲೀನಿಂಗ್, ಸೆಕ್ಯುರಿಟಿ, ಚೆಕ್‌ಇನ್ ಕೌಂಟರ್, ಕಾರ್ಗೋ ಶೆಡ್ಡು, ಟ್ಯಾಕ್ಸಿ. ಇವೆಲ್ಲ ಮರ್ಯಾದೆಯ ಕೆಲಸಗಳೇ, ಎಷ್ಟೋ ಮನೆ ಇವುಗಳಿಂದ ನಿಂತಿದೆ. ಆದರೆ ಆ 4 ಕೋಟಿ ಜನ ಬರುತ್ತಾರೆ ಅಂತ ಹತ್ತು ವರ್ಷ ಮುಂಚೆ ಅಂದಾಜು ಹಾಕಿದವರು ಯಾರು? ಎರಡನೇ ರನ್‌ವೇ ಯಾವಾಗ ಬೇಕು ಅಂತ ಹೇಳಿದವರು ಯಾರು? ಹುಬ್ಬಳ್ಳಿಗೆ ದಿನಕ್ಕೆ ಎಷ್ಟು ವಿಮಾನ, ಯಾವ ಹೊತ್ತಿಗೆ, ಯಾವ ರೇಟಿಗೆ ಅಂತ ಲೆಕ್ಕ ಕಟ್ಟುವವರು ಯಾರು? ಆ ಕೆಲಸಕ್ಕೂ ಜನ ಬೇಕು, ಅದಕ್ಕೂ ಸಂಬಳ ಇದೆ. ಆ ಕುರ್ಚಿಗಳಲ್ಲಿ ನಮ್ಮ ಜಿಲ್ಲೆಯವರು ಕೂತಿದ್ದನ್ನು ನಾನು ನೋಡಿದ್ದು ತೀರಾ ಕಡಿಮೆ.

ನಾನು ಹತ್ತು ವರ್ಷದಿಂದ ಮಾಡ್ತಿರೋದು ಇದೇ ಕೆಲಸ. ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಎಂಎಸ್‌ಸಿ ಮಾಡಿ, ಬೆಂಗಳೂರಿನ ಒಂದು ಕನ್ಸಲ್ಟಿಂಗ್ ಕಂಪನಿ ಸೇರಿದೆ. ವಿಮಾನ ನಿಲ್ದಾಣಗಳಿಗೆ ಪ್ರಯಾಣಿಕರ ಅಂದಾಜು ಮಾಡಿಕೊಡೋದು ನನ್ನ ಪಾಲಿನ ಕೆಲಸ. ಸೇರುವ ತನಕ ಇಂಥದ್ದೊಂದು ಉದ್ಯೋಗ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ.

ಈ ಕೆಲಸ ಏನು ಅಂತ ಭಾವನಿಗೆ ಹೂವಿನ ಮಾರುಕಟ್ಟೆಯಿಂದಲೇ ಹೇಳಿದೆ.

ಭಾವ ಬೆಳಿಗ್ಗೆ 6 ಚೀಲ ಸೇವಂತಿಗೆ ತಗೊಂಡು ಮಾರುಕಟ್ಟೆಗೆ ಹೋಗ್ತಾರೆ ಅಂದುಕೊಳ್ಳಿ. ಹೋದ ತಕ್ಷಣ ಕೆಜಿಗೆ 60 ರೂಪಾಯಿ ಕೇಳುತ್ತಾರೆ. ಎಲ್ಲವನ್ನೂ ಕೊಟ್ಟುಬಿಡಬಹುದು. ಆದರೆ ಹೈದರಾಬಾದ್ ಕಡೆಗೆ ಲೋಡ್ ಮಾಡುವವರು ಬಂದರೆ 90 ಸಿಗುತ್ತದೆ. ಬರದಿದ್ದರೆ ಬಿಸಿಲೇರಿದ ಮೇಲೆ 30ಕ್ಕೆ ಬಿಡಬೇಕು. ಭಾವ ನಾಲ್ಕು ಚೀಲ ಕೊಟ್ಟು ಎರಡು ಚೀಲ ಹಿಡಿದಿಟ್ಟುಕೊಳ್ತಾರೆ. ಯಾಕೆ ಎರಡು, ಯಾಕೆ ಮೂರಲ್ಲ ಅಂತ ಕೇಳಿದರೆ ‘ಅದೆಲ್ಲ ಅಂದಾಜು’ ಅಂತಾರೆ. ಆ ಅಂದಾಜಿನೊಳಗೆ ಒಂದು ಲೆಕ್ಕ ಇದೆ. 60 ಈಗಲೇ ಖಚಿತ. ಕಾದರೆ 90 ಅಥವಾ 30. ಲೋಡಿನವರು ಬರುವ ಸಾಧ್ಯತೆ ನೂರಕ್ಕೆ 50ಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಕಾಯೋದು ಲಾಭ. 60 ಅನ್ನೋದು 30ಕ್ಕೂ 90ಕ್ಕೂ ಸರಿಯಾಗಿ ನಡುವೆ ಇದೆಯಲ್ಲ, ಅದಕ್ಕೇ ಅರ್ಧ.

ವಿಮಾನದ ಸೀಟೂ ಹೀಗೇ. 186 ಸೀಟಿನ ವಿಮಾನ. ತಿಂಗಳು ಮುಂಚೆ ಬುಕ್ ಮಾಡುವವರು 4,000 ಕೊಡ್ತಾರೆ. ಹಿಂದಿನ ದಿನ ಗಾಬರಿಯಲ್ಲಿ ಬರುವವರು 9,000 ಕೊಡೋಕೂ ತಯಾರು. (ರೇಟು ಸುಮ್ನೆ ಉದಾಹರಣೆಗೆ.) ಎಲ್ಲ ಸೀಟನ್ನೂ 4,000ಕ್ಕೆ ಮಾರಿದರೆ ಕೊನೆಗೆ ಬರುವವರಿಗೆ ಜಾಗ ಇರಲ್ಲ. ಜಾಸ್ತಿ ಹಿಡಿದಿಟ್ಟರೆ ಖಾಲಿ ಹಾರಬೇಕು. ಹೂವಿಗೆ ಕೊನೆಗೆ 30 ಆದರೂ ಸಿಗುತ್ತೆ, ಖಾಲಿ ಸೀಟಿಗೆ ಬಾಗಿಲು ಮುಚ್ಚಿದ ಮೇಲೆ ಸೊನ್ನೆ. ಹಾಗಾಗಿ ಇಲ್ಲಿ ಲೆಕ್ಕ 4,000 ಭಾಗಿಸು 9,000. ಅಂದರೆ ಆ ಒಂದು ಸೀಟಿಗೆ 9,000 ಕೊಡುವ ಗಿರಾಕಿ ಬರುವ ಸಾಧ್ಯತೆ ನೂರಕ್ಕೆ 44ಕ್ಕಿಂತ ಜಾಸ್ತಿ ಇದ್ದರೆ ಹಿಡಿದಿಡಬೇಕು, ಇಲ್ಲದಿದ್ದರೆ ಈಗಲೇ ಮಾರಬೇಕು. ಬ್ರಿಟನ್ನಿನ ಬಿಒಎಸಿ ವಿಮಾನ ಕಂಪನಿಯಲ್ಲಿದ್ದ ಕೆನ್ ಲಿಟಲ್‌ವುಡ್ 1972ರಲ್ಲಿ ಬರೆದಿಟ್ಟ ನಿಯಮ ಇದು. ಇವತ್ತಿನ ಸಾಫ್ಟ್‌ವೇರುಗಳು ನೂರಾರು ಊರು, ಹತ್ತಾರು ರೇಟು, ಲಕ್ಷಾಂತರ ಬುಕಿಂಗ್ ಹಿಡಿದು ಲೆಕ್ಕ ಹಾಕುತ್ತವೆ, ಆದರೆ ಬೇರು ಇದೇ. ಈ ಕೆಲಸಕ್ಕೆ ರೆವೆನ್ಯೂ ಮ್ಯಾನೇಜ್‌ಮೆಂಟ್ ಅಂತ ಹೆಸರು. ಟಿಕೆಟ್ ದರ ಬೆಳಿಗ್ಗೆ ಒಂದು, ಸಂಜೆ ಒಂದು ಆಗುವುದರ ಹಿಂದೆ ಕೂತಿರುವವರು ಇವರು.

ಇಷ್ಟು ಕೇಳಿ ಭಾವ ‘ಹಾಗಾದ್ರೆ ನಾನು ಮಾಡ್ತಿರೋದೂ ಇದೇನಾ?’ ಅಂದರು. ಹೌದು ಅಂದೆ. ಅವರಿಗೆ ನಿಜವಾಗಿಯೂ ಖುಷಿಯಾಯಿತು, ನನಗೂ.

ಇನ್ನೊಂದು ಕೆಲಸ ನೆಟ್‌ವರ್ಕ್ ಪ್ಲಾನಿಂಗ್. ಯಾವ ಊರಿಂದ ಯಾವ ಊರಿಗೆ ವಿಮಾನ ಬಿಟ್ಟರೆ ನಡೆಯುತ್ತೆ ಅಂತ ನೋಡೋದು. ಇದರಲ್ಲಿ ಲೆಕ್ಕ ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ ಉಡಾನ್ ಯೋಜನೆಗಿಂತ ದೊಡ್ಡ ಪಾಠ ಬೇಕಿಲ್ಲ. ಸಣ್ಣ ಊರುಗಳಿಗೂ ವಿಮಾನ ಬರಲಿ, ಸುಮಾರು ಒಂದು ಗಂಟೆಯ ಪ್ರಯಾಣಕ್ಕೆ 2,500 ರೂಪಾಯಿ ಸಾಕಾಗಲಿ ಅಂತ ಕೇಂದ್ರ ಸರ್ಕಾರ ತಂದ ಯೋಜನೆ. ಮೊದಲ ವಿಮಾನ ಹಾರಿದ್ದು 2017ರ ಏಪ್ರಿಲ್ 27ಕ್ಕೆ, ಶಿಮ್ಲಾದಿಂದ ದೆಹಲಿಗೆ. ಉದ್ದೇಶ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಮೂರು ವರ್ಷ ಸರ್ಕಾರ ನಷ್ಟ ತುಂಬಿಕೊಡುತ್ತೆ, ಅಷ್ಟರಲ್ಲಿ ಮಾರ್ಗ ತನ್ನ ಕಾಲ ಮೇಲೆ ನಿಲ್ಲಬೇಕು ಅನ್ನೋದು ಲೆಕ್ಕಾಚಾರ. 2023ರಲ್ಲಿ ಸರ್ಕಾರದ ಲೆಕ್ಕಪತ್ರ ಪರಿಶೀಲಿಸುವ ಸಿಎಜಿಯ ವರದಿ ಬಂತು. ಯೋಜನೆಯ ಮೂರನೇ ಸುತ್ತಿನ ತನಕ ಕಂಪನಿಗಳಿಗೆ ಕೊಟ್ಟ 774 ಮಾರ್ಗಗಳಲ್ಲಿ 403 ಶುರುವೇ ಆಗಿರಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಸಹಾಯಧನ ನಿಂತ ಮೇಲೂ ಉಳಿದದ್ದು 54 ಮಾತ್ರ. ನೂರಕ್ಕೆ 7.

ಯಾಕೆ ಹೀಗಾಯಿತು? ಕೆಲವು ಕಡೆ ನಿಲ್ದಾಣವೇ ರೆಡಿ ಇರಲಿಲ್ಲ. ಕೆಲವು ಕಡೆ ಕಂಪನಿ ಹತ್ತಿರ ವಿಮಾನ ಇರಲಿಲ್ಲ. ಉಳಿದ ಕಡೆ ಬೇಡಿಕೆಯ ಅಂದಾಜೇ ತಪ್ಪಿತ್ತು. ‘ನಮ್ಮೂರಿಗೆ ವಿಮಾನ ಬೇಕು’ ಅಂತ ಹತ್ತು ಲಕ್ಷ ಜನ ಹೇಳಬಹುದು, ಆದರೆ ದಿನಾ ಬೆಳಿಗ್ಗೆ 78 ಸೀಟಿನ ಎಟಿಆರ್ ಅನ್ನೋ ಸಣ್ಣ ವಿಮಾನ ತುಂಬಿಸೋಕೆ ಬೇಕಾದ ಐವತ್ತು ಅರವತ್ತು ಜನ, ವರ್ಷದ 365 ದಿನವೂ, ಬಸ್ಸಿಗಿಂತ ಎರಡು ಮೂರು ಪಟ್ಟು ದುಡ್ಡು ಕೊಟ್ಟು ಬರುತ್ತಾರಾ ಅನ್ನೋದು ಬೇರೆಯೇ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರ ಹುಡುಕೋದು ಹೇಗೆ ಗೊತ್ತಾ? ಕಂಪ್ಯೂಟರ್ ಆಮೇಲೆ ಬರುತ್ತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೇಂದ್ರಕ್ಕೆ ಕಳಿಸಿದ್ದರು. ಒಂದು ವಾರ ರಾತ್ರಿ 8ರಿಂದ 11ರ ತನಕ ಬಸ್ ಸ್ಟ್ಯಾಂಡಿನಲ್ಲೂ ಖಾಸಗಿ ಬಸ್ ಆಫೀಸುಗಳ ಮುಂದೆಯೂ ನಿಂತೆ. ಬೆಂಗಳೂರಿಗೆ ಹೊರಡುವ ಎಸಿ ಸ್ಲೀಪರ್ ಎಷ್ಟು, ಎಷ್ಟು ತುಂಬಿದೆ, ಹತ್ತುವವರು ಯಾರು, ಟಿಕೆಟ್ ದುಡ್ಡು ಅವರದ್ದಾ ಕಂಪನಿಯದ್ದಾ ಅಂತ ಪ್ಯಾಡಿನಲ್ಲಿ ಬರೆದುಕೊಂಡೆ. ರೈಲಿನ ಸೆಕೆಂಡ್ ಎಸಿ ಬುಕಿಂಗ್ ನೋಡಿದೆವು, ಹೋಟೆಲಿನವರನ್ನು ಮಾತಾಡಿಸಿದೆವು, ಆಸ್ಪತ್ರೆಗೆ ಬೆಂಗಳೂರಿಗೆ ಹೋಗುವವರ ಲೆಕ್ಕ ಹಾಕಿದೆವು. ಒಬ್ಬ ಬಟ್ಟೆ ವ್ಯಾಪಾರಿ ಹೇಳಿದ್ದು ಇನ್ನೂ ನೆನಪಿದೆ: ‘ಸ್ಲೀಪರ್‌ನಲ್ಲಿ ಹೋದ್ರೆ ಒಂದು ರಾತ್ರಿ ಲಾಡ್ಜ್ ಖರ್ಚು ಉಳೀತದ ಸಾರ್, ವಿಮಾನದಾಗ ಹೋದ್ರ ಅದು ಉಳಿಯಂಗಿಲ್ಲ.’ ಈ ಒಂದು ಮಾತು ನಮ್ಮ ಮಾಡೆಲ್‌ನಲ್ಲಿ ಇರಲೇ ಇಲ್ಲ. ಮಧ್ಯಾಹ್ನದ ವಿಮಾನ ಅಂಥವರಿಗೆ ಬೇಡ, ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುವ ಹಾಗಿದ್ದರೆ ಮಾತ್ರ ಬೇಕು ಅನ್ನೋದು ಆಗ ಅರ್ಥವಾಯಿತು. ಕನ್ನಡ ಬರುವವನಾಗಿದ್ದಕ್ಕೆ ಆ ಮಾತು ನನ್ನ ಕಿವಿಗೆ ಬಿತ್ತು. ನಮ್ಮ ಹಳ್ಳಿ ಹುಡುಗರು ಈ ಕೆಲಸಕ್ಕೆ ಬರಬೇಕು ಅಂತ ನಾನು ಹೇಳೋದು ಇದಕ್ಕೇ.

ಮೂರನೆಯದು ಸಿಬ್ಬಂದಿ ಲೆಕ್ಕ. 2025ರ ಡಿಸೆಂಬರ್ ಮೊದಲ ವಾರ ಎಲ್ಲರಿಗೂ ನೆನಪಿರಬೇಕು. ಇಂಡಿಗೋ ಕೆಲವೇ ದಿನಗಳಲ್ಲಿ ಸಾವಿರಾರು ವಿಮಾನ ರದ್ದು ಮಾಡಿತು, ದೇವನಹಳ್ಳಿಯಲ್ಲೂ ಜನ ನೆಲದ ಮೇಲೆ ಮಲಗಿದರು. ಹೊಸ ನಿಯಮದಿಂದ ಪೈಲಟ್‌ಗಳ ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತ್ತು, ರಾತ್ರಿ ಲ್ಯಾಂಡಿಂಗ್ ಮಿತಿ 6ರಿಂದ 2ಕ್ಕೆ ಇಳಿದಿತ್ತು. ಈ ನಿಯಮ ಬಂದಿದ್ದು 2024ರ ಜನವರಿಯಲ್ಲಿ. ಪೂರ್ತಿ ಜಾರಿಯಾಗಿದ್ದು 2025ರ ನವೆಂಬರ್ 1ಕ್ಕೆ. ನಡುವೆ ಒಂದೂ ಮುಕ್ಕಾಲು ವರ್ಷಕ್ಕಿಂತ ಜಾಸ್ತಿ ಸಮಯ ಇತ್ತು. ಇಷ್ಟು ವಿಮಾನಕ್ಕೆ ಹೊಸ ನಿಯಮದಲ್ಲಿ ಎಷ್ಟು ಪೈಲಟ್ ಬೇಕು, ಚಳಿಗಾಲದ ಮಂಜಿನಲ್ಲಿ ತಡವಾದರೆ ಇನ್ನೆಷ್ಟು ಬೇಕು ಅನ್ನೋ ಲೆಕ್ಕ ಕಷ್ಟದ್ದೇನಲ್ಲ. ಲೆಕ್ಕ ಇದ್ದರೂ ಕೇಳುವವರಿರಲಿಲ್ಲವೋ, ಲೆಕ್ಕವೇ ಸಡಿಲವಾಗಿತ್ತೋ, ಒಳಗೆ ಇದ್ದವರೇ ಹೇಳಬೇಕು. ಕೊನೆಗೆ ಸರ್ಕಾರ ಆ ಕಂಪನಿಯ ಹಾರಾಟವನ್ನು ನೂರಕ್ಕೆ 10ರಷ್ಟು ಕಡಿತ ಮಾಡಿಸಿತು. ಒಂದು ಎಕ್ಸೆಲ್ ಶೀಟು ಸರಿ ಇಲ್ಲದಿದ್ದರೆ ಮದುವೆಗೆ ಹೊರಟವರು, ಪರೀಕ್ಷೆಗೆ ಹೊರಟವರು, ಸಾವಿನ ಮನೆಗೆ ಹೊರಟವರು ಎಲ್ಲರೂ ದಾರಿಯಲ್ಲಿ ಉಳಿಯುತ್ತಾರೆ.

ಇಲ್ಲಿ ತನಕ ಹೇಳಿದ್ದು ವಿಮಾನ ಕಂಪನಿಗಳ ಕಡೆ. ನಿಲ್ದಾಣಗಳ ಕಡೆ ಇರುವ ಲೆಕ್ಕ ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಈ ನಮ್ಮ ಮೂರು ಜಿಲ್ಲೆಗಳಿಗೆ ಇನ್ನೂ ನೇರವಾಗಿ ತಟ್ಟುತ್ತದೆ.

ಟಿಕೆಟ್ ಜೊತೆ ಯುಡಿಎಫ್ ಅಂತ ಒಂದು ಶುಲ್ಕ ಇರುತ್ತೆ, ಬಳಕೆದಾರರ ಅಭಿವೃದ್ಧಿ ಶುಲ್ಕ. ದೊಡ್ಡ ನಿಲ್ದಾಣಗಳಲ್ಲಿ ಅದನ್ನು ನಿಗದಿ ಮಾಡುವುದು ವಿಮಾನ ನಿಲ್ದಾಣ ಆರ್ಥಿಕ ನಿಯಂತ್ರಣ ಪ್ರಾಧಿಕಾರ. ನಾವೆಲ್ಲ ಕರೆಯೋದು ‘ಏರಾ’ ಅಂತ. 2008ರ ಕಾಯ್ದೆಯಿಂದ ಬಂದ ಸಂಸ್ಥೆ. ಐದೈದು ವರ್ಷಕ್ಕೊಮ್ಮೆ ಕೂತು ದರ ಗೊತ್ತುಮಾಡುತ್ತದೆ. ಲೆಕ್ಕ ಸರಳವಾಗಿ ಹೇಳೋದಾದರೆ ಹೀಗೆ: ನಿಲ್ದಾಣ ನಡೆಸೋಕೆ, ಹಾಕಿದ ಬಂಡವಾಳಕ್ಕೆ ನ್ಯಾಯವಾದ ಲಾಭ ಕೊಡೋಕೆ 1,000 ಕೋಟಿ ಬೇಕು ಅಂದುಕೊಳ್ಳಿ. 2 ಕೋಟಿ ಪ್ರಯಾಣಿಕರು ಬರುತ್ತಾರೆ ಅಂದರೆ ತಲೆಗೆ 500. ಎರಡೂವರೆ ಕೋಟಿ ಬರುತ್ತಾರೆ ಅಂದರೆ 400. ಅಂದಾಜು ಕಡಿಮೆ ತೋರಿಸಿದಷ್ಟೂ ಶುಲ್ಕ ಏರುತ್ತೆ. ಹೆಚ್ಚುಕಮ್ಮಿ ಆದದ್ದನ್ನು ಮುಂದಿನ ಐದು ವರ್ಷದಲ್ಲಿ ಸರಿಮಾಡುತ್ತಾರೆ, ನಿಜ. ಆದರೆ ಅಷ್ಟರಲ್ಲಿ ದುಡ್ಡು ಕೊಟ್ಟವರು ಕೊಟ್ಟಾಗಿರುತ್ತದೆ. ಅಂಗಡಿ, ಪಾರ್ಕಿಂಗ್, ಜಾಹೀರಾತಿನಿಂದ ಬರುವ ಆದಾಯದಲ್ಲಿ ನೂರಕ್ಕೆ 30 ಭಾಗವನ್ನು ಪ್ರಯಾಣಿಕರ ಹೊರೆ ಇಳಿಸೋಕೆ ಬಳಸಬೇಕು ಅಂತ 2016ರ ವಿಮಾನಯಾನ ನೀತಿ ಹೇಳುತ್ತದೆ. ಹಾಗಾಗಿ ಪಾರ್ಕಿಂಗ್ ಆದಾಯ ಎಷ್ಟು ಅನ್ನೋ ಅಂದಾಜಿನ ಮೇಲೂ ವಾದ ನಡೆಯುತ್ತೆ. ಒಂದು ಕಡೆ ನಿಲ್ದಾಣದವರ ಕನ್ಸಲ್ಟಂಟ್, ಇನ್ನೊಂದು ಕಡೆ ವಿಮಾನ ಕಂಪನಿಗಳ ಕನ್ಸಲ್ಟಂಟ್, ನಡುವೆ ಏರಾ ನೇಮಿಸಿದವರು. ಮೂರೂ ಕಡೆ ಅನಲಿಸ್ಟ್‌ಗಳು ಬೇಕು.

ಇನ್ನೊಂದು, ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣದ ಗಲಾಟೆ. ದೇವನಹಳ್ಳಿ ನಿಲ್ದಾಣದ ಜೊತೆ ಸರ್ಕಾರ ಮಾಡಿಕೊಂಡ ಒಪ್ಪಂದದಲ್ಲಿ ಒಂದು ಷರತ್ತು ಇದೆ. ಮೈಸೂರು, ಹಾಸನ ಬಿಟ್ಟು 150 ಕಿಲೋಮೀಟರ್ ಒಳಗೆ 25 ವರ್ಷ ಬೇರೆ ನಿಲ್ದಾಣ ತೆರೆಯುವ ಹಾಗಿಲ್ಲ. ಅದು ಮುಗಿಯೋದು 2033ಕ್ಕೆ. ಅದಕ್ಕೆ ಈಗಲೇ ತಯಾರಿ. 2025ರಲ್ಲಿ ರಾಜ್ಯ ಸರ್ಕಾರ ಮೂರು ಜಾಗ ತೋರಿಸಿತು. ಎರಡು ಕನಕಪುರ ರಸ್ತೆಯಲ್ಲಿ, ಒಂದು ನೆಲಮಂಗಲದಿಂದ ಕುಣಿಗಲ್ ಕಡೆ. ಏಪ್ರಿಲ್‌ನಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ (ಇದು ಏರಾ ಅಲ್ಲ, ಬೇರೆ ಸಂಸ್ಥೆ) ತಂಡ ಬಂದು ನೋಡಿಹೋಯಿತು. ತುಮಕೂರಿನವರು ನಮ್ಮ ಕಡೆ ಬರಲಿ ಅಂತ ಕೇಳ್ತಿದ್ದಾರೆ. ಆ ಕಡೆ ತಮಿಳುನಾಡು 2024ರಲ್ಲೇ ಹೊಸೂರಿಗೆ ವರ್ಷಕ್ಕೆ 3 ಕೋಟಿ ಜನ ಬರುವಂಥ ನಿಲ್ದಾಣ ಕಟ್ಟುತ್ತೇವೆ ಅಂತ ಘೋಷಿಸಿತು, ಅದೂ ಈ 150 ಕಿಲೋಮೀಟರ್ ಒಳಗೇ ಬರುತ್ತೆ.

ಈ ವಿಷಯದಲ್ಲಿ ಟಿವಿಯಲ್ಲಿ ಕೇಳಿಬರೋದು ರಾಜಕಾರಣಿಗಳ ಮಾತು. ಆದರೆ ಜಾಗ ಕೊನೆಗೆ ನಿಲ್ಲೋದು ಅಥವಾ ಬೀಳೋದು ಒಂದು ದಪ್ಪ ವರದಿಯ ಮೇಲೆ. ಬೆಟ್ಟ ಗುಡ್ಡ ಎಷ್ಟಿದೆ, ಗಾಳಿ ಯಾವ ಕಡೆ, ಈಗಿರುವ ನಿಲ್ದಾಣದ ಹಾರಾಟದ ದಾರಿಗೆ ಅಡ್ಡ ಬರುತ್ತಾ, 2040ರಲ್ಲಿ ಎಷ್ಟು ಜನ, ಅವರಲ್ಲಿ ಎಷ್ಟು ಜನ ದೇವನಹಳ್ಳಿ ಬಿಟ್ಟು ಇಲ್ಲಿಗೆ ಬರುತ್ತಾರೆ, ರಸ್ತೆ ಮೆಟ್ರೋಗೆ ಎಷ್ಟು ಖರ್ಚು. ರನ್‌ವೇ ಒಂದಕ್ಕೇ ನಾಲ್ಕು ಕಿಲೋಮೀಟರ್ ಜಾಗ ಬೇಕು. 2019ರ ಡಿಸೆಂಬರ್‌ನಲ್ಲಿ ಶುರುವಾದ ದೇವನಹಳ್ಳಿಯ ಎರಡನೇ ರನ್‌ವೇ ಉದ್ದ ಸರಿಯಾಗಿ 4,000 ಮೀಟರ್. ವರದಿಯಲ್ಲಿ ಒಂದು ಶೇಕಡಾ ಆಚೀಚೆ ಆದರೆ ಯಾರದ್ದೋ ತೆಂಗಿನ ತೋಟ ಹೋಗುತ್ತೆ, ಇಲ್ಲಾ ಉಳಿಯುತ್ತೆ.

ಇಲ್ಲೊಂದು ಕಹಿ ಮಾತನ್ನೂ ಹೇಳಬೇಕು. ಕನ್ಸಲ್ಟಂಟ್‌ಗೆ ದುಡ್ಡು ಕೊಡುವವರು ಬಹಳ ಸಲ ನಿಲ್ದಾಣ ಕಟ್ಟಬೇಕು ಅಂತ ಮೊದಲೇ ತೀರ್ಮಾನ ಮಾಡಿದವರೇ ಆಗಿರುತ್ತಾರೆ. ಹಾಗಾಗಿ ಅಂದಾಜು ಮೇಲಕ್ಕೆ ಜಾರುತ್ತೆ. ಯಾರೂ ಸುಳ್ಳು ಹೇಳಬೇಕಾಗಿಲ್ಲ. ಬೆಳವಣಿಗೆ ದರ ನೂರಕ್ಕೆ 6 ಅನ್ನುವ ಕಡೆ 8 ಅಂತ ಹಾಕಿದರೆ ಸಾಕು. ಇಪ್ಪತ್ತು ವರ್ಷದಲ್ಲಿ 6 ಅಂದರೆ ಮೂರೂ ಕಾಲು ಪಟ್ಟು ಹತ್ತಿರ, 8 ಅಂದರೆ ನಾಲ್ಕೂವರೆ ಪಟ್ಟಿಗೂ ಜಾಸ್ತಿ. ಶ್ರೀಲಂಕಾದ ಮತ್ತಳ ನಿಲ್ದಾಣ 2013ರಲ್ಲಿ ಶುರುವಾಯಿತು, ವರ್ಷಕ್ಕೆ 10 ಲಕ್ಷ ಜನರಿಗೆ ಅಂತ ಕಟ್ಟಿದ್ದು. ಜಗತ್ತಿನ ಅತ್ಯಂತ ಖಾಲಿ ನಿಲ್ದಾಣ ಅಂತ ಹೆಸರಾಯಿತು. ಸ್ಪೇನಿನ ಸಿಯುದಾದ್ ರಿಯಲ್ ನಿಲ್ದಾಣ 2008ರ ಕೊನೆಗೆ ತೆರೆದು 2012ಕ್ಕೆ ಮುಚ್ಚಿತು. ದೇವನಹಳ್ಳಿಯಲ್ಲಿ ಆಗಿದ್ದು ಇದರ ಉಲ್ಟಾ, ಜನ ಎಷ್ಟು ಬೇಗ ಜಾಸ್ತಿಯಾದರು ಅಂದರೆ ಎರಡನೇ ಟರ್ಮಿನಲ್ ಬರುವಷ್ಟರಲ್ಲಿ ಮೊದಲನೆಯದು ಉಸಿರುಗಟ್ಟುತ್ತಿತ್ತು. ಎರಡೂ ಥರ ತಪ್ಪಬಹುದು. ತನಗೆ ಸಂಬಳ ಕೊಡುವವರ ಮುಂದೆ ಕೂತು ‘ಸಾರ್, ಈ ನಂಬರ್ ನಿಲ್ಲಲ್ಲ’ ಅಂತ ಹೇಳುವ ಧೈರ್ಯ ಈ ಕೆಲಸದಲ್ಲಿ ಎಕ್ಸೆಲ್‌ಗಿಂತ ದೊಡ್ಡ ಅರ್ಹತೆ ಅಂತ ನನ್ನ ಅನುಭವ.

ಸರಿ, ಇದಕ್ಕೆ ಸೇರೋದು ಹೇಗೆ?

ಡಿಪ್ಲೊಮಾ ಬೇಡ. ಬಿಕಾಂ, ಬಿಎ ಎಕನಾಮಿಕ್ಸ್, ಬಿಎಸ್‌ಸಿ ಸ್ಟ್ಯಾಟಿಸ್ಟಿಕ್ಸ್ ಅಥವಾ ಮ್ಯಾಥ್ಸ್, ಇಂಜಿನಿಯರಿಂಗ್, ಯಾವುದಾದರೂ ಸರಿಯಾದ ಡಿಗ್ರಿ ಸಾಕು. ಚಿಕ್ಕಬಳ್ಳಾಪುರ, ಕೋಲಾರದ ಮಕ್ಕಳಿಗೆ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಇದೆ, ತುಮಕೂರಿಗೆ ಅದರದ್ದೇ ವಿಶ್ವವಿದ್ಯಾಲಯ ಇದೆ. ಸರ್ಕಾರಿ ಕಾಲೇಜಿನ ಡಿಗ್ರಿ ಆದರೆ ನಡೆಯಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ನಾನು ಓದಿದ್ದೂ ಸರ್ಕಾರಿ ಕಾಲೇಜಿನಲ್ಲೇ. ವಿಮಾನಯಾನವನ್ನೇ ಓದಬೇಕು ಅನ್ನುವವರಿಗೆ ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ರಾಜೀವ್ ಗಾಂಧಿ ರಾಷ್ಟ್ರೀಯ ವಿಮಾನಯಾನ ವಿಶ್ವವಿದ್ಯಾಲಯ ಇದೆ, ಕೇಂದ್ರ ಸರ್ಕಾರದ್ದು. ಕರಪತ್ರ ಹಂಚುವ ಸಂಸ್ಥೆಗೆ ಹೋದರೆ ಮೂರು ಪ್ರಶ್ನೆ ಕೇಳಿ. ಸರ್ಟಿಫಿಕೇಟ್ ಕೊಡುವ ವಿಶ್ವವಿದ್ಯಾಲಯ ಯಾವುದು? ಹೋದ ವರ್ಷ ಸೇರಿದ ಮಕ್ಕಳು ಈಗ ಏನು ಕೆಲಸದಲ್ಲಿದ್ದಾರೆ, ಅವರಲ್ಲಿ ಇಬ್ಬರ ಫೋನ್ ನಂಬರ್ ಕೊಡ್ತೀರಾ? ‘ಗ್ಯಾರಂಟಿ’ ಅಂದಿದ್ದನ್ನು ಕಾಗದದಲ್ಲಿ ಬರೆದು ಸಹಿ ಹಾಕ್ತೀರಾ? ಭಾವ ಹೋಗಿ ಕೇಳಿದರು. ಮೂರಕ್ಕೂ ‘ಮೇಡಂ ಬರಲಿ, ಹೇಳ್ತೀವಿ’ ಅನ್ನೋದೇ ಉತ್ತರ.

ಡಿಗ್ರಿ ಜೊತೆ ಕಲಿಯಬೇಕಾದ್ದು ಎಕ್ಸೆಲ್, ಅದೂ ಚೆನ್ನಾಗಿ. ಆಮೇಲೆ ಡೇಟಾಬೇಸಿನಿಂದ ಅಂಕಿ ತೆಗೆಯುವ ಎಸ್‌ಕ್ಯೂಎಲ್, ಆಮೇಲೆ ಪೈಥಾನ್ ಪ್ರೋಗ್ರಾಮಿಂಗ್. ಇದೇ ಕ್ರಮದಲ್ಲಿ. ರಿಗ್ರೆಷನ್ (ಒಂದು ಅಂಕಿ ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತೆ ಅಂತ ಅಳೆಯುವ ಲೆಕ್ಕ) ಅಂದರೆ ಏನು ಅಂತ ಪುಸ್ತಕ ನೋಡದೆ ಹೇಳೋಕೆ ಬರಬೇಕು. ಈ ಲೈನಿನ ಭಾಷೆ ಗೊತ್ತಿರಬೇಕು: ಲೋಡ್ ಫ್ಯಾಕ್ಟರ್ ಅಂದರೆ ಹಾರಿದ ಸೀಟುಗಳಲ್ಲಿ ತುಂಬಿದ ಪಾಲು, ಯೀಲ್ಡ್ ಅಂದರೆ ಒಬ್ಬ ಪ್ರಯಾಣಿಕ ಒಂದು ಕಿಲೋಮೀಟರ್ ಹೋದರೆ ಬರುವ ದುಡ್ಡು, ಸ್ಲಾಟ್ ಅಂದರೆ ರನ್‌ವೇ ಮೇಲೆ ನಿಮಗೆ ಸಿಕ್ಕ ಹೊತ್ತು. ಇಂಗ್ಲಿಷ್‌ನಲ್ಲಿ ಎರಡು ಪುಟ ತಪ್ಪಿಲ್ಲದೆ ಬರೆಯೋಕೆ ಬರಬೇಕು. ಅಷ್ಟು ಸಾಕು, ಪಟಪಟ ಮಾತಾಡೋದು ಕೆಲಸದಲ್ಲೇ ಬರುತ್ತೆ.

ಎಲ್ಲಕ್ಕಿಂತ ಮುಖ್ಯ, ಡೇಟಾ ಬಿಟ್ಟಿ ಸಿಗುತ್ತೆ. ದೇಶದ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ ಪ್ರತಿ ತಿಂಗಳು ಯಾವ ಕಂಪನಿ ಎಷ್ಟು ಜನರನ್ನು ಸಾಗಿಸಿತು, ಎಷ್ಟು ಸೀಟು ತುಂಬಿತು, ಎಷ್ಟು ವಿಮಾನ ಸಮಯಕ್ಕೆ ಹೊರಟಿತು ಅಂತ ತನ್ನ ವೆಬ್‌ಸೈಟಿನಲ್ಲಿ ಹಾಕುತ್ತೆ. 2024ರಲ್ಲಿ ದೇಶದೊಳಗೆ ಹಾರಿದವರು 16 ಕೋಟಿ 13 ಲಕ್ಷ ಅನ್ನೋದು ಅಲ್ಲಿನ ಲೆಕ್ಕವೇ. ವಿಮಾನ ನಿಲ್ದಾಣ ಪ್ರಾಧಿಕಾರ ಪ್ರತಿ ನಿಲ್ದಾಣದ ತಿಂಗಳ ಅಂಕಿ ಕೊಡುತ್ತೆ. ಏರಾ ದರ ನಿಗದಿ ಮಾಡುವ ಮುಂಚೆ ಹೊರಡಿಸುವ ಚರ್ಚಾ ಪತ್ರಗಳು ನೂರಾರು ಪುಟದವು, ಯಾರು ಬೇಕಾದರೂ ಓದಬಹುದು, ಅಭಿಪ್ರಾಯ ಬರೆದು ಕಳಿಸಬಹುದು. ಈ ಉದ್ಯೋಗದ ಪೂರ್ತಿ ಪಾಠ ಅದರಲ್ಲಿದೆ. ಶಿವಮೊಗ್ಗ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯಿತು. ಅದರ ತಿಂಗಳ ಅಂಕಿ ತಗೊಂಡು, ಮುಂದಿನ ಎರಡು ವರ್ಷದ ಅಂದಾಜು ಹಾಕಿ, ಯಾಕೆ ಹಾಗೆ ಅಂದುಕೊಂಡೆ ಅಂತ ಮೂರು ಪುಟ ಬರೆಯಿರಿ. ಇಂಟರ್‌ವ್ಯೂಗೆ ಅದನ್ನು ತಗೊಂಡು ಬಂದ ಹುಡುಗಿಯನ್ನು ನಾನಾದರೆ ಯಾವ ಡಿಪ್ಲೊಮಾ ಹಿಡಿದು ಬಂದವರಿಗಿಂತ ಮೊದಲು ಒಳಗೆ ಕರೆಯುತ್ತೇನೆ.

ಕೆಲಸ ಎಲ್ಲಿದೆ ಅಂತಲೂ ನೇರವಾಗಿ ಹೇಳಬೇಕು. ಇಂಡಿಗೋ, ಏರ್ ಇಂಡಿಯಾ ಎರಡರ ಮುಖ್ಯ ಕಚೇರಿಯೂ ಗುರುಗ್ರಾಮದಲ್ಲಿ. ಡಿಜಿಸಿಎ, ಏರಾ ದೆಹಲಿಯಲ್ಲಿ. ಹಾಗಾಗಿ ಕೆಲವು ವರ್ಷ ಊರು ಬಿಡಬೇಕಾಗಬಹುದು. ಆದರೆ ದೇವನಹಳ್ಳಿ ನಿಲ್ದಾಣದವರದ್ದೇ ಯೋಜನೆ, ಆದಾಯದ ವಿಭಾಗಗಳಿವೆ. ಟಿಕೆಟ್ ಬುಕಿಂಗ್ ತಂತ್ರಾಂಶ ಮಾಡುವ ಅಮೆಡಿಯಸ್, ಸೇಬರ್ ಬೆಂಗಳೂರಿನಲ್ಲಿವೆ. ಬೋಯಿಂಗ್ 1,600 ಕೋಟಿ ಹಾಕಿ 43 ಎಕರೆಯಲ್ಲಿ ಕಟ್ಟಿದ ಕ್ಯಾಂಪಸ್ 2024ರ ಜನವರಿಯಲ್ಲಿ ದೇವನಹಳ್ಳಿ ಹತ್ತಿರವೇ ಶುರುವಾಯಿತು. ದೊಡ್ಡ ಕನ್ಸಲ್ಟಿಂಗ್ ಕಂಪನಿಗಳ ಬೆಂಗಳೂರು ಕಚೇರಿಗಳಲ್ಲೂ ಮೂಲಸೌಕರ್ಯದ ತಂಡಗಳಿವೆ.

ಅಪಾಯವೂ ಇದೆ. ಕಿಂಗ್‌ಫಿಷರ್ 2012ರಲ್ಲಿ ನಿಂತಿತು, ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇನಲ್ಲಿ. ಕೊರೋನಾ ಕಾಲದಲ್ಲಿ 2020ರ ಮಾರ್ಚ್ 25ರಿಂದ ಎರಡು ತಿಂಗಳು ದೇಶದೊಳಗೆ ಒಂದು ಪ್ರಯಾಣಿಕ ವಿಮಾನವೂ ಹಾರಲಿಲ್ಲ, ನಾವೆಲ್ಲ ಅರ್ಧ ಸಂಬಳದಲ್ಲಿ ಕೂತಿದ್ದೆವು. ಆದರೆ ಈ ಕೆಲಸದಲ್ಲಿ ಕಲಿತ ಲೆಕ್ಕ ಹೋಟೆಲ್, ರೈಲು, ಬಸ್, ಆನ್‌ಲೈನ್ ಅಂಗಡಿ ಎಲ್ಲದಕ್ಕೂ ನಡೆಯುತ್ತೆ. ನನ್ನ ಜೊತೆಗಿದ್ದ ಇಬ್ಬರು ಆಗ ಬೇರೆ ಕಡೆ ಹೋದರು, ಇಬ್ಬರೂ ಚೆನ್ನಾಗಿದ್ದಾರೆ.

ಅಕ್ಕನ ಮಗಳು ಈಗ ಇಲ್ಲೇ ಸರ್ಕಾರಿ ಕಾಲೇಜಿನಲ್ಲಿ ಬಿಕಾಂ ಓದುತ್ತಿದ್ದಾಳೆ. ಡಿಪ್ಲೊಮಾ ಫೀಸಿನ ದುಡ್ಡಲ್ಲಿ ಒಂದು ಲ್ಯಾಪ್‌ಟಾಪ್ ಬಂತು, ಮಿಕ್ಕಿದ್ದು ಬ್ಯಾಂಕಿನಲ್ಲಿದೆ. ಭಾವನ ಹತ್ತಿರ ಆರು ವರ್ಷದ ಹೂವಿನ ರೇಟು ಬರೆದಿಟ್ಟ ಡೈರಿಗಳಿವೆ. ದಿನಕ್ಕೊಂದು ಸಾಲು, ತಾರೀಖು, ಚೀಲ, ಕೆಜಿ, ರೇಟು. ಕೆಲವು ಪುಟದಲ್ಲಿ ಮಳೆನೀರು ಬಿದ್ದು ಶಾಯಿ ಹರಡಿದೆ. ರಜೆಯಲ್ಲಿ ಅವಳು ಅದನ್ನೆಲ್ಲ ಎಕ್ಸೆಲ್‌ಗೆ ಹಾಕಿದಳು, ಪಕ್ಕದಲ್ಲಿ ಡಿಜಿಸಿಎ ಅಂಕಿಯನ್ನೂ ಇಟ್ಟಳು. ವರಮಹಾಲಕ್ಷ್ಮಿ ಹಬ್ಬಕ್ಕೆ ಹೂವಿನ ರೇಟು ಕಂಬದ ಹಾಗೆ ಎದ್ದಿದೆ. ಪಿತೃಪಕ್ಷಕ್ಕೆ ನೆಲ ಕಚ್ಚಿದೆ. ವಿಮಾನಕ್ಕೂ ಜುಲೈಯಿಂದ ಸೆಪ್ಟೆಂಬರ್ ತನಕ ಮಂದಗಾಲವೇ.

ಹೋದ ಭಾನುವಾರ ಫೋನ್ ಮಾಡಿ ಕೇಳಿದಳು: ‘ಮಾವ, ಪಿತೃಪಕ್ಷ ಒಂದೊಂದು ವರ್ಷ ಒಂದೊಂದು ತಾರೀಖಿಗೆ ಬರುತ್ತೆ. ಹೋದ ವರ್ಷದ ಸೆಪ್ಟೆಂಬರ್ ಈ ವರ್ಷದ ಸೆಪ್ಟೆಂಬರ್ ಥರ ಇರಲ್ಲ. ಇದನ್ನ ಶೀಟಿಗೆ ಹೇಗೆ ಹೇಳೋದು?’

ಕೆಲಸಕ್ಕೆ ಸೇರಿದ ಮೊದಲ ವರ್ಷ ನಮ್ಮ ಟೀಮ್ ಲೀಡ್ ನನ್ನನ್ನು ಕೇಳಿದ್ದೂ ಇದೇ ಪ್ರಶ್ನೆ. ಪಂಚಾಂಗ ತಗೊಂಡು ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕು, ಪಕ್ಷ ಇರುವ ದಿನಕ್ಕೆ 1, ಇಲ್ಲದ ದಿನಕ್ಕೆ 0 ಅಂತ ಬರಿ ಅಂದೆ. ‘ಹಾಗಾದ್ರೆ ಆಷಾಢಕ್ಕೂ ಒಂದು ಕಾಲಂ ಬೇಕಲ್ವಾ?’ ಅಂದಳು.